ಮುಂಬಯಿಯ ಮರೋಳ್‌ನಿಂದ ಥಾಣೆಗೋ, ಡೊಂಬಿವಲಿಗೋ, ಖಾರ್‌ಘರ್‌ಗೋ? ಮಗಳು 8ನೇ ಕ್ಲಾಸು, ಮಗ 2ನೇ

ಮರೋಳ್ ಅಮ್ಮ:
ನಮಸ್ಕಾರ. ಮೇ ತಿಂಗಳೊಳಗೆ ಬಾಡಿಗೆ ಮನೆ ಬದಲಾಯಿಸಬೇಕು. ಇವರ ಆಫೀಸು ನವಿ ಮುಂಬಯಿಯ ಐರೋಲಿಗೆ ಹೋಗುತ್ತಿದೆ, ನನ್ನದು ಮರೋಳ್‌ನಲ್ಲೇ ಇರುತ್ತದೆ. ಮಗಳು ಎಸ್ಸೆಸ್ಸಿ (ಮಹಾರಾಷ್ಟ್ರ ರಾಜ್ಯ) ಬೋರ್ಡಿನಲ್ಲಿ 8ನೇ, ಮಗ ಅದೇ ಶಾಲೆಯಲ್ಲಿ 2ನೇ. ಥಾಣೆಯ ಘೋಡ್‌ಬಂದರ್ ರೋಡ್, ಡೊಂಬಿವಲಿ, ಖಾರ್‌ಘರ್ ಈ ಮೂರು ಮನಸ್ಸಿನಲ್ಲಿವೆ. ಇಬ್ಬರನ್ನೂ ಸಿಬಿಎಸ್‌ಇಗೆ ಹಾಕಿಬಿಡೋಣ ಅಂತ ಮನೆಯಲ್ಲಿ ಮಾತು. ಮಗಳ ವಿಷಯದಲ್ಲಿ ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ಹೇಳಿ.

ಮುಲುಂಡ್ ಮೇಷ್ಟ್ರು:
ಅಕ್ಕಾ, ಮನೆ ಹುಡುಕುವ ಮೊದಲು ಮಗಳ 9ನೇ ಕ್ಲಾಸು ಎಲ್ಲಿ ಅಂತ ತೀರ್ಮಾನ ಮಾಡಿ. ಮಗನಿಗೆ ಯಾವ ಬೋರ್ಡಾದರೂ ಮೂರು ತಿಂಗಳಲ್ಲಿ ಒಗ್ಗುತ್ತದೆ. ಸಿಬಿಎಸ್‌ಇಯಲ್ಲಿ ಬೋರ್ಡ್ ರಿಜಿಸ್ಟ್ರೇಷನ್ ಆಗುವುದೇ 9ರಲ್ಲಿ. 10ಕ್ಕೆ ನೇರವಾಗಿ ಸೇರಿಸಬೇಕಾದರೆ ವರ್ಗಾವಣೆಯಂಥ ಕಾರಣ ತೋರಿಸಿ ಬೋರ್ಡಿನ ಒಪ್ಪಿಗೆ ತರಬೇಕು. ಹಾಗಾಗಿ ಬದಲಾಯಿಸುವುದೇ ಆದರೆ ಈ ವರ್ಷವೇ ಕೊನೆ.

ಆದರೆ ನನ್ನ ಅಭಿಪ್ರಾಯ: ಅವಳನ್ನು ಎಸ್ಸೆಸ್ಸಿಯಲ್ಲೇ ಬಿಡಿ. ಸಿಬಿಎಸ್‌ಇ ಶಾಲೆ ಏಪ್ರಿಲ್‌ನಲ್ಲಿ ಶುರು. ಇವಳ 8ನೇ ಪರೀಕ್ಷೆ ಮುಗಿದು ರಿಸಲ್ಟ್ ಕೈಗೆ ಬರುವುದು ಮೇ 1ರ ಹೊತ್ತಿಗೆ. 2023–24ರಿಂದ ರಾಜ್ಯದಲ್ಲಿ 5 ಮತ್ತು 8ಕ್ಕೆ ವಾರ್ಷಿಕ ಪರೀಕ್ಷೆ ಪಾಸಾಗಲೇಬೇಕು, ಆದ್ದರಿಂದ ರಿಸಲ್ಟ್ ಇಲ್ಲದೆ ಹೊಸ ಶಾಲೆ ಪ್ರವೇಶ ಪಕ್ಕಾ ಮಾಡುವುದಿಲ್ಲ. ಅಷ್ಟರಲ್ಲಿ ಅಲ್ಲಿ ಗಣಿತ, ವಿಜ್ಞಾನದ ಮೊದಲ ಪಾಠಗಳು ಮುಗಿದಿರುತ್ತವೆ. ಇಲ್ಲಿಯ ಆಲ್ಜೀಬ್ರಾ–ಜ್ಯಾಮಿಟ್ರಿ ಎರಡು ಪುಸ್ತಕದ ಓದಿಗೂ ಅಲ್ಲಿಯ ಓದಿಗೂ ಕ್ರಮವೇ ಬೇರೆ. ಎಸ್ಸೆಸ್ಸಿ ಶಾಲೆಗೇ ಹೋದರೆ ಜೂನ್ ಮಧ್ಯದಲ್ಲಿ ಎಲ್ಲರ ಜೊತೆ ಕೂರುತ್ತಾಳೆ.

ಮಗನಿಗೆ ಸಿಬಿಎಸ್‌ಇ ನೋಡುವುದಾದರೆ ಬೋರ್ಡಿನ ಸಾರಸ್ ಪೋರ್ಟಲ್‌ನಲ್ಲಿ ಶಾಲೆಯ ಅಫಿಲಿಯೇಷನ್ ನಂಬರ್ ಹಾಕಿ, ಎಷ್ಟನೇ ಕ್ಲಾಸಿನವರೆಗೆ ಮಾನ್ಯತೆ, ಯಾವ ವರ್ಷದವರೆಗೆ ಅಂತ ಎರಡನ್ನೂ ಓದಿ. ಹೊಸ ಬಡಾವಣೆಗಳಲ್ಲಿ ‘ಸಿಬಿಎಸ್‌ಇ ಪ್ಯಾಟರ್ನ್’ ಅಂತ ಬೋರ್ಡು ಹಾಕಿದ ಶಾಲೆಗೆ ಎಷ್ಟೋ ಸಲ ಮಾನ್ಯತೆಯೇ ಇರುವುದಿಲ್ಲ, ಇಲ್ಲವೇ 8ರವರೆಗೆ ಮಾತ್ರ ಇರುತ್ತದೆ. ಪಾಲಕರಿಗೆ ಅದು ಗೊತ್ತಾಗುವುದು 9ಕ್ಕೆ ಬಂದಾಗ, ಆಗ ಮಕ್ಕಳಿಗೆ ತುಂಬಾ ಕಷ್ಟ. ಫೀಸಿನ ಬಗ್ಗೆ ಪಿಟಿಎ (ಪಾಲಕ–ಶಿಕ್ಷಕ ಸಂಘ) ಕಾರ್ಯಕಾರಿ ಸಮಿತಿ ಒಪ್ಪಿದ ಪಟ್ಟಿಯನ್ನೇ ಕೇಳಿ. 2011ರ ಫೀಸು ನಿಯಂತ್ರಣ ಕಾಯ್ದೆ ಪ್ರಕಾರ ಒಮ್ಮೆ ಒಪ್ಪಿದ್ದು ಎರಡು ವರ್ಷಕ್ಕೆ. ರಸೀದಿ ಇಲ್ಲದ ಡೊನೇಷನ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಲೋಕಲ್ ಪ್ರಯಾಣಿಕ:
ಜಾಗದ ಬಗ್ಗೆ. ಐರೋಲಿ ಇರುವುದು ಟ್ರಾನ್ಸ್‌ಹಾರ್ಬರ್ ಲೈನಿನಲ್ಲಿ, ಥಾಣೆಯಿಂದ ದಿಘಾ ಗಾಂವ್ ಆದ ಮೇಲೆ ಐರೋಲಿಯೇ. ಮರೋಳ್‌ಗೆ ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ನಾಲ್ಕನೇ ಸ್ಟೇಷನ್ ಮರೋಳ್ ನಾಕಾ. ಎರಡೂ ಸೇರುವ ಊರು ಥಾಣೆ, ಆದರೆ ನೀವು ಹೇಳಿದ ಘೋಡ್‌ಬಂದರ್ ಅಲ್ಲ. ಅಲ್ಲಿ ಸ್ಟೇಷನ್ ತಲುಪುವುದೇ ದೊಡ್ಡ ಪ್ರಯಾಣ; ಜೆಎನ್‌ಪಿಟಿ ಬಂದರಿನಿಂದ ಗುಜರಾತ್ ಕಡೆ ಹೋಗುವ ಟ್ರಕ್ಕುಗಳೂ ಅದೇ ರಸ್ತೆಯಲ್ಲಿ, ಶಾಲಾ ಬಸ್ಸೂ ಅದೇ ರಸ್ತೆಯಲ್ಲಿ. ಥಾಣೆ ಪೂರ್ವದ ಕೋಪ್ರಿ ಅಥವಾ ಮುಲುಂಡ್ ಪೂರ್ವ ನೋಡಿ. ಟ್ರಾನ್ಸ್‌ಹಾರ್ಬರ್ ಗಾಡಿ 9–10ನೇ ಪ್ಲಾಟ್‌ಫಾರ್ಮಿನಿಂದ, ಕೋಪ್ರಿಯವರಿಗೆ ಅದು ಪಕ್ಕದಲ್ಲೇ.

ಖಾರ್‌ಘರ್‌ನಿಂದ ಐರೋಲಿಗೆ ಪನ್ವೇಲ್–ಥಾಣೆ ಗಾಡಿ ನೇರ ಇದೆ, ಆದರೆ ನಿಮಗೆ ಕುರ್ಲಾದಲ್ಲಿ ಒಂದು, ಘಾಟ್ಕೋಪರ್‌ನಲ್ಲಿ ಇನ್ನೊಂದು ಬದಲಾವಣೆ. ಡೊಂಬಿವಲಿಯಲ್ಲಿ ಬಾಡಿಗೆ ಕಡಿಮೆ, ನಮ್ಮವರೂ ಬಹಳ. ಬೆಳಗಿನ ಗಾಡಿಗೆ ಹತ್ತುವುದು ಮಾತ್ರ ದಿನಾ ಯುದ್ಧ.

ಮನೆ ಒಪ್ಪುವ ಮೊದಲು ಕೆಲಸದ ದಿನ ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೇ ಸೊಸೈಟಿ ಗೇಟಿನ ಮುಂದೆ ನಿಲ್ಲಿ. ಬಸ್ಸು ಸೊಸೈಟಿ ಗೇಟಿಗೆ ಬರುತ್ತದೋ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೋ, ಬಸ್ಸಿನಲ್ಲಿ ಹೆಂಗಸು ಅಟೆಂಡೆಂಟ್ ಇದ್ದಾರೋ ಕಣ್ಣಾರೆ ನೋಡಿ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ವಾಚ್‌ಮನ್‌ನನ್ನೇ ಕೇಳಿ, ಬ್ರೋಕರ್‌ನನ್ನಲ್ಲ.

ಮರೋಳ್ ಅಮ್ಮ:
ಮೇಷ್ಟ್ರೇ, ಅಣ್ಣಾ, ಉಪಕಾರವಾಯಿತು. ಮುಲುಂಡ್ ಪೂರ್ವ ನೋಡುತ್ತೇವೆ. ಮಗಳ ಜನನ ಪತ್ರ ಉಡುಪಿಯದು, ಅದರಲ್ಲಿ ಹೆಸರು ಮತ್ತು ಒಂದು ಇನಿಶಿಯಲ್ ಮಾತ್ರ. ಶಾಲೆಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿದ್ದಾರೆ. ಎಲ್‌ಸಿಗೆ (ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ) ತೊಂದರೆಯೇ?

ಎಲ್‌ಸಿ ತಿಳಿದವರು:
ತೊಂದರೆ ಇದೆ ಅಕ್ಕಾ, ಆದರೆ ಮಗು ಶಾಲೆಯಲ್ಲಿ ಇರುವಾಗಲೇ ಸರಿಪಡಿಸಿದರೆ ಸುಲಭ. ಎಲ್‌ಸಿ ಬರುವುದು ಶಾಲೆಯ ಜನರಲ್ ರಿಜಿಸ್ಟರ್‌ನಿಂದ. ಮಗು ಶಾಲೆ ಬಿಟ್ಟ ಮೇಲೆ ಅದರಲ್ಲಿ ತಿದ್ದಲು ಶಿಕ್ಷಣಾಧಿಕಾರಿಗಳ ಮಂಜೂರಾತಿ ಬೇಕು. ಈಗಲೇ ಕ್ಲರ್ಕ್ ಹತ್ತಿರ ರಿಜಿಸ್ಟರ್ ಪುಟ ತೋರಿಸಲು ಕೇಳಿ, ಆಧಾರ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ಹೋಲಿಸಿ: ಮಗಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ತಾಯಿಯ ಹೆಸರು, ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ, ಹುಟ್ಟಿದ ಊರು–ತಾಲೂಕು–ಜಿಲ್ಲೆ, ಜಾತಿ. ‘ಶೆಟ್ಟಿ’ ಇಂಗ್ಲಿಷಿನಲ್ಲಿ ಒಂದು ಕಡೆ ವೈ, ಇನ್ನೊಂದು ಕಡೆ ಐ ಇದ್ದರೂ 10ರ ಫಾರ್ಮ್ ತುಂಬುವಾಗ ಓಡಾಟ ತಪ್ಪಿದ್ದಲ್ಲ. ಮಾತೃಭಾಷೆಯ ಕಾಲಂನಲ್ಲಿ ಕನ್ನಡ ಎಂದಿರಲಿ. ಮುಂದೆ 11ನೇ ಪ್ರವೇಶಕ್ಕೆ ಕನ್ನಡ ಭಾಷಾ ಅಲ್ಪಸಂಖ್ಯಾತ ಕಾಲೇಜುಗಳ ಕೋಟಾ ಕೇಳುವಾಗ ನೋಡುವುದು ಅದನ್ನೇ.

ಎಲ್‌ಸಿ ಕೈಗೆ ಬಂದರೆ ಸಾಲದು. ಹಳೆಯ ಶಾಲೆ ಯುಡೈಸ್ ಪೋರ್ಟಲ್‌ನಲ್ಲಿ (ಶಾಲೆ, ಮಕ್ಕಳ ಸರ್ಕಾರಿ ದಾಖಲೆ) ಮಗುವನ್ನು ಡ್ರಾಪ್‌ಬಾಕ್ಸಿಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ ಹಾಕಬೇಕು, ಆಮೇಲೆ ಹೊಸ ಶಾಲೆ ಪೆನ್ ನಂಬರ್ (ವಿದ್ಯಾರ್ಥಿಯ ಕಾಯಂ ನಂಬರ್) ಮತ್ತು ಹುಟ್ಟಿದ ದಿನ ಕೊಟ್ಟು ಎಳೆದುಕೊಳ್ಳುತ್ತದೆ. ರಜೆಯಲ್ಲಿ ಕ್ಲರ್ಕ್ ಸಿಗುವುದಿಲ್ಲ, ಏಪ್ರಿಲ್‌ನಲ್ಲೇ ಹೇಳಿಟ್ಟು ರಿಸಲ್ಟ್ ಬಂದ ಕೂಡಲೇ ಮಾಡಿಸಿಕೊಳ್ಳಿ. ಎಲ್‌ಸಿ ತಡವಾದರೆ ಪ್ರವೇಶ ನಿಲ್ಲಿಸುವಂತಿಲ್ಲ ಎಂಬ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 5ನೇ ಕಲಂ ಸರ್ಕಾರಿ, ಅನುದಾನಿತ ಶಾಲೆಗೆ 8ರವರೆಗೆ ಸೇರುವವರಿಗೆ. 9ಕ್ಕೆ ಅದನ್ನು ನಂಬಿ ಕೂರಬೇಡಿ.

ಬಾಡಿಗೆ ಲೆಕ್ಕ:
ಒಂದು ಮಾತು ಸೇರಿಸುತ್ತೇನೆ. ಮೇ ತಿಂಗಳಿಗೆ 11 ತಿಂಗಳ ಅಗ್ರಿಮೆಂಟ್ ಮಾಡಿದರೆ ಮುಗಿಯುವುದು ಮಾರ್ಚ್ ಕೊನೆಗೆ, ಮಗಳ ಪರೀಕ್ಷೆಯ ಹೊತ್ತಿಗೆ ಸರಿಯಾಗಿ. 24 ತಿಂಗಳಿಗೆ ಮಾಡಿಸಿ. ಎಸ್ಸೆಸ್ಸಿ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ತೀರುತ್ತದೆ. ಸ್ಟ್ಯಾಂಪ್ ಡ್ಯೂಟಿ 0.25%. ಬಾಡಿಗೆ 40,000, ಡಿಪಾಸಿಟ್ 2 ಲಕ್ಷ ಅಂದುಕೊಳ್ಳಿ: ಬಾಡಿಗೆ 9,60,000, ಡಿಪಾಸಿಟ್ ಮೇಲೆ ವರ್ಷಕ್ಕೆ 10% ಲೆಕ್ಕದಲ್ಲಿ 40,000, ಒಟ್ಟು 10 ಲಕ್ಷ, ಡ್ಯೂಟಿ 2,500. ರಿಜಿಸ್ಟ್ರೇಷನ್ ಶುಲ್ಕ 1,000 ಬೇರೆ. ಬರೀ ನೋಟರಿ ಮಾಡಿಸೋಣ ಅಂದರೆ ಒಪ್ಪಬೇಡಿ, ರಿಜಿಸ್ಟರ್ ಆಗದ ಕಾಗದವನ್ನು ವಿಳಾಸದ ಪುರಾವೆಗೆ ಕೊಟ್ಟರೆ ಶಾಲೆಯವರು ತಿರುಗಿಸಿ ಕಳಿಸಬಹುದು. ಲಾಕ್-ಇನ್ (ಮಧ್ಯದಲ್ಲಿ ಅಗ್ರಿಮೆಂಟ್ ಮುರಿಯುವಂತಿಲ್ಲದ ಅವಧಿ) ಎರಡೂ ಕಡೆಗೆ ಇರಲಿ: ಮಾಲೀಕರಿಗೆ ಪೂರ್ತಿ 24 ತಿಂಗಳು, ನಿಮಗೆ 6 ಅಥವಾ 11. ಎರಡನೇ ವರ್ಷ ಬಾಡಿಗೆ ಎಷ್ಟು ಏರುತ್ತದೆ ಎಂಬ ಅಂಕಿಯನ್ನು ಈಗಲೇ ಬರೆಸಿಕೊಳ್ಳಿ.