ಓದಿದರೆ ಅರ್ಥವಾಗುವ ಜರ್ಮನ್, ಕೇಳಿದರೆ ಯಾಕೆ ಆಗುತ್ತಿಲ್ಲ?

ಪ್ರಶ್ನೆ:
ನಾನು ಹಾಸನದಲ್ಲಿ ನರ್ಸ್. ಜರ್ಮನಿಗೆ ಹೋಗಲು ಬಿ2 (ಜರ್ಮನ್ ಭಾಷೆಯ ಮಧ್ಯಮಕ್ಕಿಂತ ಮೇಲಿನ ಹಂತ) ಪರೀಕ್ಷೆಗೆ ಓದುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಆಡಿಯೋ ಸಂಭಾಷಣೆ ಕೇಳುತ್ತೇನೆ. ಪುಸ್ತಕ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಬರೀ ಕೇಳಿದರೆ ಮಾತು ಓಡಿಹೋಗುತ್ತದೆ. ಅದರಲ್ಲೂ ಸಂಖ್ಯೆಗಳು! 25ನ್ನು ‘ಐದು ಮತ್ತು ಇಪ್ಪತ್ತು’ ಅಂತಾರೆ, ನಾನು 52 ಬರೆದುಬಿಡುತ್ತೇನೆ. ಏನು ಮಾಡಲಿ?

ಉತ್ತರ 1:
ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ನನಗೂ ಹೀಗೇ ಆಗಿತ್ತು. ಒಂದು ನಿಮಿಷದ ತುಣುಕು ಸಾಕು, ಜಾಸ್ತಿ ಬೇಡ. ಪುಸ್ತಕ ಮುಚ್ಚಿ ಎರಡು ಸಲ ಕೇಳಿ. ಆಮೇಲೆ ಒಂದೊಂದೇ ವಾಕ್ಯ ನಿಲ್ಲಿಸಿ ಬರೆಯಿರಿ. ವಾಕ್ಯದ ಕೊನೆವರೆಗೂ ಕಾಯಿರಿ. ‘ಇಶ್ ರೂಫೆ ಡಿಶ್ ಮೋರ್ಗೆನ್ ಆನ್’ ಅಂದರೆ ನಾಳೆ ಫೋನ್ ಮಾಡ್ತೀನಿ ಅಂತ. ಕೊನೆಯ ಆ ‘ಆನ್’ ಕ್ರಿಯಾಪದದ್ದೇ ಒಂದು ತುಂಡು, ಅದು ತಪ್ಪಿದರೆ ಫೋನಿನ ವಿಷಯವೇ ಹೋಯಿತು. ‘ವೈಲ್’ (ಏಕೆಂದರೆ) ಬಂದರಂತೂ ಕ್ರಿಯಾಪದವೇ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದ ಹಾಗೇ ಅಲ್ವಾ?

ಉತ್ತರ 2:
ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯಲ್ಲಿ ನಿಧಾನವಾಗಿ ಓದುವ ಸುದ್ದಿ ಉಚಿತವಾಗಿ ಸಿಗುತ್ತದೆ, ಬರಹವೂ ಜೊತೆಗಿರುತ್ತದೆ. ಕೇಳುವಾಗ ಸ್ವರದ ಉದ್ದ ಗಮನಿಸಿ: ‘ಷ್ಟಟ್’ ಅಂದರೆ ಊರು, ‘ಷ್ಟಾಟ್’ ಅಂದರೆ ದೇಶ. ಹ್ರಸ್ವ, ದೀರ್ಘ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಧೈರ್ಯವಾಗಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ರೈಲು ನಿಲ್ದಾಣದ ಸಂಭಾಷಣೆ ಬರೆದೆ. ಹದಿನಾಲ್ಕು ಸಾಲಿನಲ್ಲಿ ಒಂಬತ್ತು ಸರಿ. ರೈಲು ಹೊರಡುತ್ತದೆ ಅನ್ನುವಾಗ ಕೊನೆಗೆ ಬರುವ ‘ಆಬ್’ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು!