ಕೆಲಸ ಕಾರವಾರ ಪೇಟೆಲಿ, ಮನೆ ಕಾಳಿ ಹೊಳೆ ಆಚೆ. ಏನ್ ಮಾಡೋದು?

ಹೊಳೆಆಚೆ:
ಪೇಟೆಲಿ ಒಂದು ಅಂಗಡಿಲಿ ಲೆಕ್ಕ ಬರಿಯೋ ಕೆಲಸ ನಂದು, ಬಿಡೋದು ರಾತ್ರಿ ಎಂಟೂವರೆಗೆ. ಪೇಟೆ ಒಳಗಿನ ಬಾಡಿಗೆ ನನ್ನ ಸಂಬಳಕ್ಕೆ ಆಗೋದಲ್ಲ ಅಂತ ಸದಾಶಿವಗಡದ ಒಳಗಡೆ ಮನೆ ಮಾಡಿದೀನಿ. ಹೈವೇ ತನಕ ಹೆಂಗೋ ಬರ್ತೀನಿ, ಅಲ್ಲಿಂದ ಒಳಗೆ ಆ ಹೊತ್ತಿಗೆ ಬಸ್ಸಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಹಗಲಿನ ಟಿಕೆಟ್ ದುಡ್ಡು ಉಳೀತು, ಆದ್ರೆ ಉಳಿದಿದ್ದೆಲ್ಲ ರಾತ್ರಿ ರಿಕ್ಷಾಕ್ಕೇ ಹೋಗ್ತದೆ. ಮಗಳ ಅಂಗನವಾಡಿ ಮನೆ ಹತ್ರ, ಅತ್ತೆಗೆ ತೋರ್ಸೋ ಡಾಕ್ಟ್ರು ಪೇಟೆಲಿ. ಮನೆ ಬಿಡ್ಲಾ, ಕೆಲಸ ಬಿಡ್ಲಾ?

ಕೋಡಿಬಾಗದವ:
ಎರಡೂ ಬಿಡ್ಬೇಡಿ ಇವ್ರೆ, ಮೊದ್ಲು ಯಜಮಾನ್ರ ಹತ್ರ ಬೆಳಿಗ್ಗೆ ಒಂದು ತಾಸು ಬೇಗ ಬಂದು ಸಂಜೆ ಒಂದು ತಾಸು ಬೇಗ ಹೋಗ್ತೀನಿ ಅಂತ ಕೇಳಿ ನೋಡಿ. 2024ರ ಆಗಸ್ಟ್ 6ರ ಮಧ್ಯರಾತ್ರಿ ದಾಟಿ 7ರ ನಸುಕಿಗೆ ಕಾಳಿ ಹಳೆ ಸೇತುವೆ ಕುಸಿದು ಬಿದ್ದಾಗ ಗೊತ್ತಾಯ್ತಲ್ಲ, ಹೊಳೆ ಆಚೆಯವ್ರ ಕೆಲಸ, ಕಾಲೇಜು, ಆಸ್ಪತ್ರೆ ಎಲ್ಲ ಒಂದೇ ದಾರಿ ಮೇಲೆ ನಿಂತದೆ ಅಂತ. ಮನೆ ನೋಡುವಾಗ ಕಿಲೋಮೀಟರ್ ಕೇಳ್ಬೇಡಿ, ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಿ.

ಅರ್ಥಶಾಸ್ತ್ರ ಓದ್ತಿರುವೆ:
ಇದ್ರ ಬಗ್ಗೆ ನಮಗೆ ಪಾಠ ಇತ್ತು. ಜಾನ್ ಕೇನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1968ರಲ್ಲಿ ಡೆಟ್ರಾಯಿಟ್, ಶಿಕಾಗೋ ಲೆಕ್ಕ ಇಟ್ಟು ಬರೆದಿದ್ದು. ಕಾರ್ಖಾನೆಗಳು ಊರ ಹೊರಗೆ ಹೋದ್ವು, ಕಪ್ಪು ಜನಕ್ಕೆ ಅಲ್ಲಿ ಮನೆ ಕೊಡ್ತಿರ್ಲಿಲ್ಲ, ಹಂಗಾಗಿ ಕೆಲಸ ಇದ್ರೂ ಅವ್ರ ಕೈಗೆ ಸಿಗ್ಲಿಲ್ಲ. ನಮ್ಮಲ್ಲಿ ಕಾರಣ ಬೇರೆ, ಈಕಡೆ ಸಮುದ್ರ ಆಕಡೆ ಗುಡ್ಡ, ಅರಗಾ ಕಡೆ ಹೋದ್ರೆ ನೌಕಾನೆಲೆ, ಮನೆ ಕಟ್ಟೋಕೆ ಉಳಿದಿರೋ ಸಪಾಟು ಜಾಗನೇ ಕಮ್ಮಿ. ಬಾಡಿಗೆ ಏರದೆ ಇನ್ನೇನು. ಆದ್ರೆ ಪೆಟ್ಟು ಬೀಳೋದು ಮಾತ್ರ ಅಲ್ಲೂ ಇಲ್ಲೂ ಸ್ವಂತ ಗಾಡಿ ಇಲ್ದವ್ರಿಗೇ.

ಸಿರ್ಸಿಯಿಂದ:
ನಮಗಂತೂ ಜಿಲ್ಲಾ ಕಚೇರಿಲಿ ಒಂದು ಸಹಿ ಬೇಕಂದ್ರೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಬರ್ಬೇಕು, ಕೂಲಿ ಮಾಡೋರಿಗೆ ಅವತ್ತಿನ ಕೂಲಿ ಹೋಯ್ತು. ದೊಡ್ಡ ಕಾಯಿಲೆ ಬಂದ್ರೆ ಹುಬ್ಬಳ್ಳಿ ಇಲ್ಲ ಮಣಿಪಾಲ. ನೀವು ಒಬ್ರೇ ಡಿಪೋಗೆ ಹೋದ್ರೆ ಕೇಳ್ಸ್ಕೊಳಲ್ಲ, ಆ ಹೊತ್ತಿಗೆ ಕೆಲಸ ಬಿಡೋರು ಹತ್ತಿಪ್ಪತ್ತು ಜನ ಸೇರಿ ಟೈಮ್ ಬರೆದು ಸಹಿ ಮಾಡಿ ಕೊಡಿ, ಪಂಚಾಯ್ತಿಯಿಂದ್ಲೂ ಒಂದು ಪತ್ರ ಇರ್ಲಿ.

ಹೊಳೆಆಚೆ:
ಯಜಮಾನ್ರು ಏಳೂವರೆಗೆ ಬಿಡ್ತೀನಿ ಅಂದ್ರು, ಶನಿವಾರ ಒಂದು ಬಿಟ್ಟು. ಪಕ್ಕದ ಬಟ್ಟೆ ಅಂಗಡಿಯ ನಾಲ್ಕು ಹುಡ್ಗೀರೂ ನಮ್ಮ ಕಡೆಯವ್ರೇ ಅಂತ ಇವತ್ತೇ ಗೊತ್ತಾಗಿದ್ದು. ಅರ್ಜಿ ನಾನೇ ಬರೀತೀನಿ, ಹೊಳೆ ಆಚೆಯವ್ರು ಯಾರಾದ್ರೂ ಇಲ್ಲಿದ್ರೆ ನಿಮ್ಮ ಕೆಲಸ ಬಿಡೋ ಟೈಮ್ ಹೇಳಿ.