ಲಾಂಗ್ ಟರ್ಮ್ ಕೇರ್ ವಿಮೆ: ಪ್ರೀಮಿಯಂ ಇಳಿಸೋಕೆ ಎಲ್ಲಿ ಕತ್ತರಿ ಹಾಕಬೇಕು?

ಎಡಿಸನ್_ಕನ್ನಡಿಗ:
ನಮಸ್ಕಾರ. ಗಂಡನಿಗೆ 57, ಹೆಂಡತಿಗೆ 54, ವಾಸ ನ್ಯೂಜೆರ್ಸಿ. ವಯಸ್ಸಾದಾಗ ದಿನನಿತ್ಯದ ಆರೈಕೆಯ ಖರ್ಚು ಕೊಡುವ ಲಾಂಗ್ ಟರ್ಮ್ ಕೇರ್ ವಿಮೆಗೆ ಏಜೆಂಟ್ ಕೊಟ್ಟ ಕೋಟ್: ಆರೈಕೆಗೆ ದಿನಕ್ಕೆ 200 ಡಾಲರ್ ಪರಿಹಾರ, ತಲಾ 5 ವರ್ಷ, 5% ಚಕ್ರಬಡ್ಡಿಯ ಇನ್‌ಫ್ಲೇಷನ್ ರೈಡರ್ (ದಿನದ ಮೊತ್ತ ವರ್ಷವರ್ಷ ಏರುವ ಹೆಚ್ಚುವರಿ ಷರತ್ತು), ಎಲಿಮಿನೇಷನ್ (ವಿಮೆ ಹಣ ಶುರುವಾಗುವ ಮುಂಚೆ ನಾವೇ ಖರ್ಚು ಭರಿಸುವ ಅವಧಿ) 30 ದಿನ. ಪ್ರೀಮಿಯಂ ಕೈಗೆಟಕುವ ಹಾಗಿಲ್ಲ. ಯಾವುದನ್ನು ಇಳಿಸಿದರೆ ನಷ್ಟ ಕಡಿಮೆ? ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಲದೇ? ನಿವೃತ್ತಿಯಾದ ಮೇಲೆ ಬೆಂಗಳೂರಿಗೆ ಹೋಗುವ ಯೋಚನೆಯೂ ಇದೆ.

ಲೆಕ್ಕದಪುಸ್ತಕ:
ಮೆಡಿಕೇರ್ ಸಾಲದು. ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು, ನುರಿತ ದಾದಿಯರ ಚಿಕಿತ್ಸೆ ಸಿಗುವ ಸ್ಕಿಲ್ಡ್ ನರ್ಸಿಂಗ್‌ಗೆ ಹೋದವರಿಗೆ ಗರಿಷ್ಠ 100 ದಿನ, ಅದರಲ್ಲೂ ಪೂರ್ತಿ ಕೊಡುವುದು ಮೊದಲ 20 ದಿನಕ್ಕೆ. ಸ್ನಾನ ಮಾಡಿಸಲು, ಬಟ್ಟೆ ಹಾಕಿಸಲು ಮಾತ್ರ ಜನ ಬೇಕಾದರೆ ಅದು ಕೊಡುವುದಿಲ್ಲ.

ನಿಮ್ಮ ಕೋಟ್‌ನಲ್ಲಿ ದುಡ್ಡು ತಿನ್ನುತ್ತಿರುವುದು 5% ರೈಡರ್. ಅದನ್ನು 3%ಗೆ ಇಳಿಸಿ ಹೊಸ ಕೋಟ್ ಕೇಳಿ. 25 ವರ್ಷದ ಹೊತ್ತಿಗೆ 200 ಡಾಲರ್ 5%ರಲ್ಲಿ ಸುಮಾರು 677 ಆಗುತ್ತದೆ, 3%ರಲ್ಲಿ 419. ಕೊರತೆ ಸಣ್ಣದಲ್ಲ, ಆದರೆ ಕಟ್ಟಲಾಗದೆ ನಡುವೆ ಬಿಟ್ಟ ಪಾಲಿಸಿಗಿಂತ ಇದು ಮೇಲು. ರೈಡರನ್ನೇ ಕಿತ್ತುಹಾಕಬೇಡಿ. ಪಾರ್ಟ್ನರ್‌ಶಿಪ್ ಪಾಲಿಸಿ (ಆದಾಯ, ಆಸ್ತಿ ಕಡಿಮೆ ಇರುವವರ ಸರ್ಕಾರಿ ಯೋಜನೆ ಮೆಡಿಕೇಡ್ ಜೊತೆ ರಾಜ್ಯ ಹೊಂದಿಸಿದ ಪಾಲಿಸಿ) ಎಷ್ಟು ಹಣ ಕೊಟ್ಟಿರುತ್ತದೋ ಅಷ್ಟು ಆಸ್ತಿಯನ್ನು ಮೆಡಿಕೇಡ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 61 ತುಂಬುವ ಮೊದಲು ಕೊಳ್ಳುವವರಿಗೆ ಈ ಸವಲತ್ತು ಸಿಗಲು ಚಕ್ರಬಡ್ಡಿಯ ಏರಿಕೆ ಇರಲೇಬೇಕು.

ಆಮೇಲೆ ಅವಧಿ. ತಲಾ 5 ವರ್ಷದ ಬದಲು ತಲಾ 3 ವರ್ಷ, ಜೊತೆಗೆ ಶೇರ್ಡ್ ಕೇರ್ ರೈಡರ್. ಒಬ್ಬರದು ಮುಗಿದರೆ ಇನ್ನೊಬ್ಬರದರಿಂದ ತೆಗೆಯಬಹುದು, ಒಟ್ಟು 6 ವರ್ಷ. ಇವತ್ತಿನ ದರದಲ್ಲಿ 200 × 365 × 3, ಅಂದರೆ ತಲಾ 2,19,000 ಡಾಲರ್.

ಎಲಿಮಿನೇಷನ್ 90 ದಿನ ಮಾಡಿ, ಆ ಮೂರು ತಿಂಗಳ ಖರ್ಚನ್ನು ಉಳಿತಾಯದಲ್ಲಿ ಬೇರೆ ಇಡಿ.

ಪಾಲಿಸಿ_ಓದುಗ:
90 ದಿನಕ್ಕೆ ಒಪ್ಪುವ ಮುಂಚೆ ಪಾಲಿಸಿಯಲ್ಲಿ 'ಕ್ಯಾಲೆಂಡರ್ ಡೇ' (ಎಲ್ಲ ದಿನವೂ ಲೆಕ್ಕ) ಇದೆಯೋ 'ಸರ್ವಿಸ್ ಡೇ' (ಆರೈಕೆ ಪಡೆದ ದಿನ ಮಾತ್ರ ಲೆಕ್ಕ) ಇದೆಯೋ ನೋಡಿ. ಸರ್ವಿಸ್ ಡೇ ಆಗಿದ್ದು ಸಹಾಯಕಿ ವಾರಕ್ಕೆ ಮೂರೇ ದಿನ ಬಂದರೆ, 90 ದಿನ ತುಂಬಲು 30 ವಾರ ಬೇಕು. ಅಲ್ಲಿವರೆಗೆ ಎಲ್ಲವೂ ಸ್ವಂತ ಜೇಬಿನಿಂದ. ಇಲ್ಲೇ ಬಹಳ ಜನ ಎಡವುವುದು.

'ಗ್ಯಾರಂಟೀಡ್ ರಿನ್ಯೂವಬಲ್' ಅಂದರೆ ಪ್ರೀಮಿಯಂ ಕಟ್ಟುವವರೆಗೆ ಕಂಪನಿ ಪಾಲಿಸಿ ರದ್ದು ಮಾಡುವಂತಿಲ್ಲ ಅಂತ, ಪ್ರೀಮಿಯಂ ಏರುವುದಿಲ್ಲ ಅಂತಲ್ಲ. ರಾಜ್ಯದ ಅನುಮತಿ ಪಡೆದು ಆ ವರ್ಗದ ಪಾಲಿಸಿದಾರರೆಲ್ಲರಿಗೂ ಏರಿಸಬಹುದು. ಏರಿಕೆಯ ಪತ್ರ ಬಂದಾಗ ಸಿಟ್ಟಿಗೆ ರದ್ದು ಮಾಡಬೇಡಿ. ಅವಧಿ ಅಥವಾ ಇನ್‌ಫ್ಲೇಷನ್ ದರ ಇಳಿಸಿ ಹಳೇ ಪ್ರೀಮಿಯಂ ಹತ್ತಿರವೇ ಉಳಿಯುವ ಆಯ್ಕೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಬೆಂಗಳೂರಿನ ಮಾತು: ಅನೇಕ ಪಾಲಿಸಿಗಳು ಅಮೆರಿಕದ ಹೊರಗೆ ಏನೂ ಕೊಡುವುದಿಲ್ಲ, ಕೊಟ್ಟರೂ ಅವಧಿ, ಮೊತ್ತ ಎರಡಕ್ಕೂ ಮಿತಿ. 'ಇಂಟರ್‌ನ್ಯಾಷನಲ್ ಕವರೇಜ್' ಷರತ್ತನ್ನು ಏಜೆಂಟ್ ಬಾಯಲ್ಲಿ ಕೇಳಬೇಡಿ, ಸ್ಪೆಸಿಮನ್ ಪಾಲಿಸಿ (ಪಾಲಿಸಿಯ ಮಾದರಿ ಪ್ರತಿ) ತರಿಸಿ ಓದಿ. ಊರಿಗೆ ಹೋಗುವುದು ಖಚಿತವಾದರೆ ಈ ವಿಮೆಯೇ ಬೇಕೋ ಅಂತ ಮತ್ತೊಮ್ಮೆ ಯೋಚಿಸಿ.

ಟ್ಯಾಕ್ಸ್_ಕಟ್ಟೆ:
ಒಂದು ಬಿಟ್ಟುಹೋಯಿತು. ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ತೆರಿಗೆಯಿಲ್ಲದೆ ಕೂಡಿಡುವ ಖಾತೆ) ಇದ್ದರೆ ಟ್ಯಾಕ್ಸ್-ಕ್ವಾಲಿಫೈಡ್ (ತೆರಿಗೆ ರಿಯಾಯಿತಿಯ ಷರತ್ತು ಪೂರೈಸುವ) ಪಾಲಿಸಿಯ ಪ್ರೀಮಿಯಂ ಅದರಿಂದಲೇ ತೆರಿಗೆಯಿಲ್ಲದೆ ಕಟ್ಟಬಹುದು. 2025ರಲ್ಲಿ ಮಿತಿ 51ರಿಂದ 60 ವಯಸ್ಸಿನವರಿಗೆ ತಲಾ 1,800 ಡಾಲರ್, 61ರಿಂದ 70ಕ್ಕೆ 4,810 ಇತ್ತು. ವರ್ಷದ ಕೊನೆಗಿರುವ ವಯಸ್ಸೇ ಲೆಕ್ಕ. ಎಫ್‌ಎಸ್‌ಎ (ಕೆಲಸ ಕೊಟ್ಟ ಕಂಪನಿಯ ಮೂಲಕ ಇರುವ ಇಂಥದೇ ಖಾತೆ) ಹಣದಿಂದ ಕಟ್ಟುವಂತಿಲ್ಲ. ಕಂತನ್ನೂ ವರ್ಷಕ್ಕೊಮ್ಮೆ ಕಟ್ಟಿ, ತಿಂಗಳ ಕಂತಿಗೆ ಸಾಮಾನ್ಯವಾಗಿ ಹೆಚ್ಚುವರಿ ಸೇರಿಸುತ್ತಾರೆ.